ನಮ್ಮ ಹಿರಿಯರು ನಡೆದ ಹಾದಿ

ಅರಸರ ದಂಡಯಾತ್ರೆಗಳನ್ನು ಚರಿತ್ರಕಾರರು ಸವಿಸ್ತಾರವಾಗಿ ಬರೆದಿಟ್ಟಿದ್ದಾರೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸನ್ನು ಹೊತ್ತು ನಡೆದ ಸಾಮಾನ್ಯರ ಪಯಣವನ್ನು ಬರೆದವರು ವಿರಳ. ಹಿಂದಿನವರು ಹುಟ್ಟಿದೂರನ್ನು ಬಿಟ್ಟು ಕದಲುತ್ತಿರಲಿಲ್ಲವೆಂಬುದು ವಾಡಿಕೆಯ ಮಾತು. ನೆಮ್ಮದಿಯ ದಿನಗಳಿಗೆ ಅದು ಬಹುಮಟ್ಟಿಗೆ ಸಲ್ಲುತ್ತದೆ. ಸಂತೆ, ನೆಂಟಸ್ತಿಕೆ, ಇಗರ್ಜಿಯ ಹಬ್ಬ ಎಲ್ಲವೂ ಒಂದೆರಡು ದಿನದ ನಡಿಗೆಯೊಳಗೇ ಮುಗಿಯುತ್ತಿದ್ದವು. ಆದರೆ ಕೊಂಕಣಿ ಮಾತನಾಡುವ ಕರಾವಳಿಯ ಕಥೋಲಿಕರಾದ ನಮ್ಮ ಪೂರ್ವಜರಿಗೆ ಆ ನೆಮ್ಮದಿ ಬಹುಕಾಲ ದಕ್ಕಲಿಲ್ಲ.

ಅವರ ಮೂಲ ನೆಲೆ ಗೋವೆಯ ಬಾರ್ದೇಸ್, ಸಾಷ್ಟಿ, ತಿಸ್ವಾಡಿ ಪ್ರಾಂತ್ಯಗಳು. 1560ರಲ್ಲಿ ಅಲ್ಲಿ ಆರಂಭವಾದ ಧರ್ಮನ್ಯಾಯಾಲಯದ ಭೀತಿ, ತೆರಿಗೆಯ ಭಾರ, ಬರಗಾಲ, 1683 ಮತ್ತು 1739ರ ಮರಾಠರ ದಾಳಿ ಇವೆಲ್ಲವೂ ಕುಟುಂಬಗಳನ್ನು ತಂಡತಂಡವಾಗಿ ದಕ್ಷಿಣಕ್ಕೆ ಅಟ್ಟಿದವು. ಮಂಗಳೂರಿಗೆ 300 ಕಿಲೋಮೀಟರಿಗೂ ಮಿಗಿಲಾದ ದಾರಿ. ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಮೊದಲಾದ ನದಿಗಳು. ಸೇತುವೆಗಳಿಲ್ಲದ ಆ ಕಾಲದಲ್ಲಿ ಪ್ರತಿಯೊಂದು ನದಿಯನ್ನೂ ದೋಣಿಯಲ್ಲೇ ದಾಟಬೇಕಿತ್ತು. ಮಳೆಗಾಲದಲ್ಲಿ ಪಯಣವೇ ಅಸಾಧ್ಯ. ಬೇಸಾಯ ಬಲ್ಲ ಈ ಜನರಿಗೆ ಕೆಳದಿಯ ನಾಯಕರು ನೆಲೆಸಲು ಅವಕಾಶವಿತ್ತರು. 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಸ್ಥಾಪನೆಯಾಯಿತು. ಮರುವರ್ಷ ಗೋವೆಯಿಂದ ಬಂದ ಸಂತ ಜೋಸೆಫ್ ವಾಜ್ ಈ ಚದುರಿದ ಕುಟುಂಬಗಳ ನಡುವೆ ಸೇವೆಗೈದರು.

ಎರಡನೆಯ ಪಯಣ ಇನ್ನೂ ಕಠೋರವಾದುದು. ಎರಡನೆಯ ಮೈಸೂರು ಯುದ್ಧದಲ್ಲಿ ಕ್ರೈಸ್ತರು ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅದು ಬೂದಿ ಬುಧವಾರದಂದು ಆರಂಭವಾಯಿತೆಂಬುದು ಪರಂಪರೆಯ ನೆನಪು. ಸೆರೆಯಾದವರು 30,000ವೆಂದು ಕೆಲವರು, 80,000ವೆಂದು ಕೆಲವರು ಲೆಕ್ಕ ಹೇಳುತ್ತಾರೆ. ಘಟ್ಟವನ್ನೇರಿ 250 ಕಿಲೋಮೀಟರಿನಷ್ಟು ನಡೆದ ಆ ಜನರಲ್ಲಿ ವೃದ್ಧರೂ ಎಳೆಯ ಮಕ್ಕಳೂ ಇದ್ದರು. ಅನೇಕರು ದಾರಿಯಲ್ಲೇ ಮಡಿದರು. ಸೆರೆಯಿಂದ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ಅರಸನು ಆಶ್ರಯವಿತ್ತನು. 1792ರಲ್ಲಿ ಸ್ಥಾಪಿತವಾದ ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ ಅದರ ಕುರುಹು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಉಳಿದವರಲ್ಲಿ ಹಲವರು ಅದೇ ಘಟ್ಟವನ್ನಿಳಿದು ಮರಳಿದರು. ಅಷ್ಟರಲ್ಲಿ ಹಲವು ಇಗರ್ಜಿಗಳು ನೆಲಸಮವಾಗಿದ್ದವು, ಹಲವರ ಭೂಮಿ ಅನ್ಯರ ವಶವಾಗಿತ್ತು.

ದೇಶ ನೋಡುವ ಬಯಕೆಯಿಂದ ಹೊರಟವರು ಇವರಲ್ಲ. ಬದುಕಲೇಬೇಕೆಂಬ ಹಟದಿಂದ ನಡೆದವರು. ಅವರ ಹೆಸರುಗಳು ಅರಮನೆಯ ಶಾಸನಗಳಲ್ಲಿಲ್ಲ. ಮರಳಿ ಬಂದ ಬಳಿಕದವರ ಹೆಸರುಗಳಾದರೂ ಇಗರ್ಜಿಗಳ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಲ್ಲಿ ಉಳಿದಿವೆ. ಶತಮಾನೋತ್ಸವದ ಈ ಶುಭವರ್ಷದಲ್ಲಿ ನಾವು ಆ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡೋಣ. ಮನೆಯ ಹಿರಿಯರು ತಮ್ಮ ಕುಟುಂಬದ ಮೂಲ ಊರಿನ ಬಗ್ಗೆ ಹೇಳುವುದನ್ನು ಬರೆದಿಡೋಣ. ದಾರಿಯಲ್ಲೇ ಉಳಿದುಹೋದವರಿಗಾಗಿ ಒಂದು ಪ್ರಾರ್ಥನೆಯನ್ನೂ ಸಲ್ಲಿಸೋಣ.