ಕಾನೂನು ಬಂದಿದ್ದು 1884ರಲ್ಲಿ, ಕಂಬ ಉರುಳಿದ್ದು 1889ರಲ್ಲಿ

ಇವತ್ತು ನಾವು ನ್ಯೂಯಾರ್ಕ್‌ಗೆ ಹೋಗೋಣ. ದಿನ 1889ರ ಅಕ್ಟೋಬರ್ 11, ಮಧ್ಯಾಹ್ನ ಊಟದ ಹೊತ್ತು.

ಸಿಟಿ ಹಾಲ್ ಹತ್ತಿರ, ಚೇಂಬರ್ಸ್ ಸ್ಟ್ರೀಟ್ ಮತ್ತು ಸೆಂಟರ್ ಸ್ಟ್ರೀಟ್ ಸೇರುವ ಮೂಲೆ. ಜಾನ್ ಫೀಕ್ಸ್ ಅನ್ನೋ ಲೈನ್‌ಮ್ಯಾನ್ ಕಂಬ ಹತ್ತಿದ್ದಾನೆ. ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯವನು. ಕೆಲಸಕ್ಕೆ ಬಾರದ ಹಳೇ ತಂತಿ ಕತ್ತರಿಸಿ ತೆಗೀತಿದ್ದಾನೆ. ಟೆಲಿಗ್ರಾಫ್ ತಂತಿಯಲ್ಲಿ ಜೀವ ಹೋಗುವಷ್ಟು ಕರೆಂಟ್ ಇರಲ್ಲ. ಆದರೆ ಅವತ್ತು, ಅಲ್ಲಿಂದ ಒಂದಷ್ಟು ದೂರದಲ್ಲಿ, ದೀಪದ ಹೈವೋಲ್ಟೇಜ್ ತಂತಿಯೊಂದು ಟೆಲಿಗ್ರಾಫ್ ತಂತಿಗೆ ತಾಗಿಕೊಂಡಿತ್ತು. ಕಣ್ಣಿಗೆ ಕಾಣೋದು ಎಲ್ಲಾ ಒಂದೇ ತರದ ತಂತಿ. ಫೀಕ್ಸ್ ಮುಟ್ಟಿದ, ಅಷ್ಟೇ. ದೇಹ ತಂತಿಗಳ ಬಲೆಯಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ನೇತಾಡ್ತಿತ್ತು, ಕಿಡಿ ಹಾರ್ತಿತ್ತು. ಕೆಳಗೆ ಸಾವಿರಾರು ಜನ. ಆಮೇಲೆ ಯಾರೋ ಅದೇ ಕಂಬಕ್ಕೆ ಒಂದು ಡಬ್ಬಿ ಹೊಡೆದರು. ದಾರಿಹೋಕರು ಅವನ ಹೆಂಡತಿಗೆ ಅಂತ ಅದರಲ್ಲಿ ಕಾಸು ಹಾಕಿದರು.

ನನ್ನನ್ನ ಕಾಡೋದು ಇದು: ತಂತಿಗಳೆಲ್ಲ ನೆಲದಡಿಗೆ ಹೋಗಬೇಕು ಅಂತ ನ್ಯೂಯಾರ್ಕ್ ರಾಜ್ಯ 1884ರಲ್ಲೇ ಕಾನೂನು ಮಾಡಿತ್ತು. ಐದು ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರಗಳಿಗೆ ಕೊಟ್ಟ ಗಡುವು 1885ರ ನವೆಂಬರ್ 1. ಅಂದರೆ ಫೀಕ್ಸ್ ಹತ್ತಿದ ಕಂಬ ಆ ಹೊತ್ತಿಗಾಗಲೇ ಸುಮಾರು ನಾಲ್ಕು ವರ್ಷದಿಂದ ಅಲ್ಲಿ ಇರಬಾರದಾಗಿತ್ತು.

ತಂತ್ರಜ್ಞಾನ ಇರಲಿಲ್ಲ ಅನ್ನೋ ಹಾಗೂ ಇಲ್ಲ. 1882ರ ಸೆಪ್ಟೆಂಬರ್ 4ಕ್ಕೆ ಥಾಮಸ್ ಎಡಿಸನ್ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ಶುರು ಮಾಡಿದಾಗ, ಕಬ್ಬಿಣದ ಕೊಳವೆಯೊಳಗೆ ತಾಮ್ರ ಇಟ್ಟು, ರಸ್ತೆ ಅಗೆದು ಹೂತಿದ್ದ. ನೀರಿನ ಪೈಪು, ಗ್ಯಾಸ್ ಪೈಪು ಯಾರಾದರೂ ಕಂಬದ ಮೇಲೆ ಎಳೀತಾರಾ ಅನ್ನೋದು ಅವನ ವಾದ. ಆದರೆ ಇದು ದುಬಾರಿ ಬಾಬ್ತು. ಸುಮಾರು 110 ವೋಲ್ಟ್‌ಗೆ ದಪ್ಪ ತಾಮ್ರ ಬೇಕು, ಅಗೆತದ ಖರ್ಚು ಬೇರೆ. ರಸ್ತೆಯ ಆರ್ಕ್ ದೀಪದ ಕಂಪನಿಗಳ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಸಾವಿರಾರು ವೋಲ್ಟ್, ಸಣ್ಣ ತಂತಿ, ಮರದ ಕಂಬ. ಕಡಿಮೆ ಬಂಡವಾಳ, ಬೇಗ ಆದಾಯ.

ನಾನು ಓದಿದ್ದು ಬಿ.ಕಾಂ, ಹಾಗಾಗಿ ಕಣ್ಣು ಹೋಗೋದೇ ಬ್ಯಾಲೆನ್ಸ್ ಶೀಟ್ ಕಡೆಗೆ. ಟೆಲಿಗ್ರಾಫ್, ಟೆಲಿಫೋನ್, ದೀಪ, ಎಲ್ಲರೂ ಅವರವರ ತಂತಿ ಎಳೆದಿದ್ದಾರೆ. ಕಂಪನಿ ಮುಳುಗಿದರೂ ತಂತಿ ಮೇಲೇ ಉಳಿಯುತ್ತೆ. ತೆಗೆಸೋಕೆ ದುಡ್ಡು ಬೇಕು, ತೆಗೆದರೆ ಯಾರಿಗೂ ಲಾಭ ಇಲ್ಲ. ನಮ್ಮ ಬೀದಿಮರಗಳಿಗೆ ಸುತ್ತಿಕೊಂಡಿರೋ ಕರಿ ಕೇಬಲ್ ಸುರುಳಿಗಳನ್ನ ಒಂದ್ಸಲ ನೆನಪಿಸಿಕೊಳ್ಳಿ, ಅದೇ ಕತೆ. ನೆಲದಡಿಯ ಡಕ್ಟ್ ಕಟ್ಟೋಕೆ ಬೇರೆ ಕಂಪನಿ ಇತ್ತು, ಅದಕ್ಕೆ ಬಾಡಿಗೆ ಕಟ್ಟಬೇಕಿತ್ತು. ಆಕಾಶಕ್ಕೆ ಬಾಡಿಗೆ ಇಲ್ಲವಲ್ಲ!

ಮಧ್ಯದಲ್ಲಿ ಪ್ರಕೃತಿಯೂ ಒಂದು ಎಚ್ಚರಿಕೆ ಕೊಟ್ಟಿತ್ತು. 1888ರ ಮಾರ್ಚ್‌ನಲ್ಲಿ ಭಾರೀ ಹಿಮಗಾಳಿ ಬಂದು ಕಂಬಗಳು ಸಾಲುಸಾಲಾಗಿ ಉರುಳಿದವು. ಪಕ್ಕದ ಬಾಸ್ಟನ್‌ಗೆ ಕಳಿಸೋ ಸುದ್ದಿ ಅಟ್ಲಾಂಟಿಕ್ ಸಮುದ್ರದಡಿಯ ಕೇಬಲ್ ಹಿಡಿದು ಲಂಡನ್ ಸುತ್ತಿಕೊಂಡು ಬರಬೇಕಾಯ್ತು. ಅದಾದ ಮೇಲೂ ಕೆಲಸ ತೆವಳ್ತಾನೇ ಇತ್ತು.

ಫೀಕ್ಸ್ ಸತ್ತ ಮೇಲೆ ಮೇಯರ್ ಹ್ಯೂ ಗ್ರಾಂಟ್ ಅಪಾಯಕಾರಿ ತಂತಿಗಳನ್ನ ಕಿತ್ತು ಹಾಕಿ ಅಂದರು. ಕಂಪನಿಗಳು ಕೋರ್ಟ್‌ಗೆ ಹೋಗಿ ತಡೆಯಾಜ್ಞೆ ತಂದವು. ತಂತಿ ನಮ್ಮ ಆಸ್ತಿ, ಮುಟ್ಟಬೇಡಿ ಅಂತ. ಡಿಸೆಂಬರ್‌ನಲ್ಲಿ ತಡೆ ತೆರವಾಯ್ತು, ನಗರದ ಕೆಲಸಗಾರರು ಕೊಡಲಿ ಹಿಡಿದು ಬೀದಿಗಿಳಿದರು. ಕಂಬ ಕಡಿದಂತೆಲ್ಲ ರಸ್ತೆ ಕತ್ತಲಾಯ್ತು. ಮತ್ತೆ ಗ್ಯಾಸ್ ದೀಪ ಹಚ್ಚಬೇಕಾಯ್ತು. ಜನ ಆ ಕತ್ತಲನ್ನ ಸಹಿಸಿಕೊಂಡರು ಅನ್ನೋದೇ ನನಗೆ ಇದರಲ್ಲಿ ದೊಡ್ಡ ವಿಷಯ. ಅದಕ್ಕೂ ಮುಂಚೆ ಬೇರೆ ಲೈನ್‌ಮ್ಯಾನ್‌ಗಳೂ ಸತ್ತಿದ್ದರು, ರಸ್ತೆಯಲ್ಲಿ ಜೋತುಬಿದ್ದ ತಂತಿ ಮುಟ್ಟಿ ಒಬ್ಬ ಹುಡುಗನೂ ಸತ್ತಿದ್ದ. ಆದರೆ ಫೀಕ್ಸ್ ಸತ್ತಿದ್ದು ಸಿಟಿ ಹಾಲ್ ಎದುರು, ಊಟದ ಬಿಡುವಿನಲ್ಲಿ, ಎಲ್ಲರ ಕಣ್ಣ ಮುಂದೆ.

ಇದನ್ನ ಹೇಳುವಾಗ 2023ರ ನವೆಂಬರ್ ನೆನಪಾಗುತ್ತೆ. ಬೆಂಗಳೂರಿನ ಕಾಡುಗೋಡಿ ಹತ್ತಿರ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಲ್ಲಿ, ಫುಟ್‌ಪಾತ್ ಮೇಲೆ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಎಳೇ ಮಗು ಪ್ರಾಣ ಬಿಟ್ಟರು. ತಂತಿಗಳನ್ನ ನೆಲದಡಿಗೆ ಇಳಿಸೋ ಕೆಲಸ ಆಗಲೂ ನಗರದಲ್ಲಿ ನಡೀತಾನೇ ಇತ್ತು.

ಸರಿ, ಹೂತರೆ ಮುಗೀತಾ? ಇಲ್ಲಿ ಎಡಿಸನ್ ಮತ್ತೆ ಬರ್ತಾನೆ. ಅದೇ 1889ರ ನವೆಂಬರ್‌ನಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದು, ಹೈವೋಲ್ಟೇಜ್ ತಂತಿಯನ್ನ ಹೂತರೆ ಸಾವು ಮ್ಯಾನ್‌ಹೋಲ್‌ಗೆ, ಮನೆಯೊಳಗೆ ಜಾಗ ಬದಲಾಯಿಸುತ್ತೆ ಅಷ್ಟೇ ಅಂದ. ಎದುರಾಳಿ ವೆಸ್ಟಿಂಗ್‌ಹೌಸ್‌ನ ಎಸಿ ಕರೆಂಟನ್ನ ಮುಗಿಸೋ ಸ್ವಾರ್ಥ ಅದರಲ್ಲಿ ಧಾರಾಳವಾಗಿತ್ತು. ಆದರೂ ಮಾತು ಪೂರ್ತಿ ಸುಳ್ಳಲ್ಲ. 2004ರ ಜನವರಿಯಲ್ಲಿ ಮ್ಯಾನ್‌ಹಟನ್‌ನ ಈಸ್ಟ್ ವಿಲೇಜ್‌ನಲ್ಲಿ ನಾಯಿಗಳನ್ನ ವಾಕಿಂಗ್ ಕರೆದೊಯ್ಯುತ್ತಿದ್ದ ಮಹಿಳೆಯೊಬ್ಬರು ರಸ್ತೆಯ ಕಬ್ಬಿಣದ ಮುಚ್ಚಳದ ಮೇಲೆ ಕಾಲಿಟ್ಟು ಸತ್ತರು. ಕೆಳಗಿನ ತಂತಿಯ ಕರೆಂಟ್ ಮುಚ್ಚಳಕ್ಕೆ ಹರಿದಿತ್ತು. ಕಂಬದ ಮೇಲೆ ಹರಿದ ತಂತಿಯಾದರೆ ತಲೆ ಎತ್ತಿದರೆ ಕಾಣುತ್ತೆ, ಇದು ಯಾರಿಗೂ ಕಂಡಿರಲಿಲ್ಲ.

ಅದಾದ ಮುಂದಿನ ವರ್ಷ, ಸೋರಿಕೆ ಇದೆಯಾ ಅಂತ ಪ್ರತಿವರ್ಷ ಪರೀಕ್ಷೆ ಮಾಡಲೇಬೇಕು ಅನ್ನೋ ಆದೇಶ ಬಂತು. ಆ ಮೇಲೆ ನ್ಯೂಯಾರ್ಕ್ ಬೀದಿಗಳಲ್ಲಿ ಸೆನ್ಸರ್ ಕಟ್ಟಿಕೊಂಡ ಗಾಡಿಗಳು ಮೆಲ್ಲಗೆ ಓಡಾಡೋಕೆ ಶುರುವಾದವು, ನೆಲದಿಂದ, ದೀಪದ ಕಂಬದಿಂದ ಎಲ್ಲಾದರೂ ಕರೆಂಟ್ ಹೊರಗೆ ಬರ್ತಿದೆಯಾ ಅಂತ ಹುಡುಕ್ತಾ.