ಕತ್ತಿ ತೊಳೆದ ಮೇಲೆ: ಯುದ್ಧದಿಂದ ಬದುಕಿ ಬಂದವರ ಕಥೆ

ಕ್ಯಾಲನೂರಿನ ಕಡೆ ಸಂಜೆ ಹೊತ್ತು ಟೀ ಅಂಗಡಿ ಬೆಂಚಿನ ಮೇಲೆ ಕೂತರೆ ಕಿವಿಗೆ ಬೀಳುವುದು ಮಳೆ, ಬೋರ್‌ವೆಲ್, ಟೊಮ್ಯಾಟೊ ರೇಟು, ಡೈರಿ ಹಾಲಿನ ಮಾತು. ಆ ಬೆಂಚಿಗೆ ಮಿಲಿಟ್ರಿಯಿಂದ ರಿಟೈರ್ ಆದ ತಾತ ಯಾರಾದರೂ ಬಂದರೆ ಹುಡುಗರ ಪ್ರಶ್ನೆ ಒಂದೇ: "ತಾತ, ನೀವು ಯುದ್ಧ ನೋಡಿದ್ದೀರಾ?" ನಾವೂ ಅದನ್ನೇ ಕೇಳಿಕೊಂಡು ಬೆಳೆದವರು. "ವಾಪಸ್ ಬಂದ ಮೇಲೆ ಹೇಗಾಯ್ತು ತಾತ?" ಎಂದು ಕೇಳಿದ ನೆನಪು ನಮ್ಮಲ್ಲಿ ಒಬ್ಬರಿಗೂ ಇಲ್ಲ.

ನಮ್ಮ ಸೀಮೆಯ ಚರಿತ್ರೆಯೂ ಹಾಗೇ ಇದೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 10ನೇ ಸಂಪುಟವಾಗಿ ತಂದರು. ಅದರ ತುಂಬ ವೀರಗಲ್ಲುಗಳು. ತುರು ಕಾದು ಸತ್ತವನು, ಊರಳಿವಿನಲ್ಲಿ ಬಿದ್ದವನು, ಒಡೆಯನಿಗಾಗಿ ಕಾದಿ ಮಡಿದವನು. ಸತ್ತವನ ಹೆಸರಿನಲ್ಲಿ ಕಲ್ಲು ನಿಲ್ಲುತ್ತಿತ್ತು, ಅವನ ಕಡೆಯವರಿಗೆ 'ಕಲ್ನಾಡು' ಎಂಬ ಹೆಸರಿನಲ್ಲಿ ಭೂಮಿಯೂ ಸಿಗುತ್ತಿತ್ತು. ಆದರೆ ಅದೇ ಕಾಳಗದಲ್ಲಿ ಗಾಯಗೊಂಡು ಮನೆಗೆ ಬಂದವನು ಏನಾದ? ಅವನಿಗೆ ಕಲ್ಲಿಲ್ಲ, ಹಾಗಾಗಿ ಅವನ ಸುದ್ದಿಯೂ ಇಲ್ಲ.

ಬದುಕಿ ಬಂದವನ ಸುದ್ದಿ ಹೇಳುವ ಒಂದು ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೆರ ಅಲ್ಲಿ ಚೆನ್ನಾಗಿ ಕಾದಿ ಜೀವಂತವಾಗಿ ಉಳಿದ. ಮೆಚ್ಚಿ ಏನು ಬೇಕೆಂದರೆ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದಿಗೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಕಲ್ಲು ನೆಟ್ಟದ್ದು ಆ ನಾಯಿಗೆ! ಮಣಲೆರನ ಶೌರ್ಯಕ್ಕಾಗಿ ಬೂತುಗ ಕೊಟ್ಟ ಊರುಗಳ ಸಂಗತಿಯೂ ಅದೇ ಕಲ್ಲಿನಲ್ಲಿದೆ. ಆ ದಾನಕ್ಕಿದ್ದ ಹೆಸರು 'ಬಾಳ್ಗಚ್ಚು'. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ಅಂದರೆ ಇದು ಕತ್ತಿ ತೊಳೆಯುವ ದಾನ.

ಈ ಪದ ನಮ್ಮನ್ನು ಬಹಳ ದಿನ ಕಾಡಿತು. ಯುದ್ಧ ಮುಗಿದ ಮೇಲೆ ರಕ್ತ ತೊಳೆದುಕೊಂಡು ಊರಿನವನಾಗಿ ಬಾಳಲು ಸೈನಿಕನಿಗೆ ಒಂದು ನೆಲೆ ಬೇಕು. ಅದನ್ನು ಕೊಡಬೇಕಾದವನು ಅವನನ್ನು ಯುದ್ಧಕ್ಕೆ ಕಳಿಸಿದವನೇ. ಕೊಡದಿದ್ದರೆ ಏನಾಗುತ್ತದೆ? ಅದಕ್ಕೆ ಉತ್ತರ ಹುಡುಕಲು ಸುಮಾರು 850 ವರ್ಷ ಮುಂದಕ್ಕೆ ಬಂದು 1799 ನೋಡಬೇಕು.

ಕೋಲಾರ ಸೀಮೆಗೆ ಆ ಹೊತ್ತಿಗೆ ಯುದ್ಧ ಹೊಸದಾಗಿರಲಿಲ್ಲ. ಹೈದರಾಲಿ ಹುಟ್ಟಿದ್ದು ಇಲ್ಲಿನ ಬೂದಿಕೋಟೆಯಲ್ಲಿ. ಅವನ ತಂದೆಯ ಸಮಾಧಿ ಇರುವುದು ಕೋಲಾರದಲ್ಲಿ. 1768ರಲ್ಲಿ ಮುಳಬಾಗಿಲಿನಲ್ಲಿ ಹೈದರನಿಗೂ ಕಂಪನಿ ಪಡೆಗೂ ಕಾಳಗ ನಡೆಯಿತು. 1791ರಲ್ಲಿ ಕಾರ್ನ್‌ವಾಲಿಸ್ ಮುಗಿಲಿ ಕಣಿವೆ ಹತ್ತಿ ಮುಳಬಾಗಿಲು, ಕೋಲಾರ, ಹೊಸಕೋಟೆ ಮೇಲಿಂದಲೇ ಬೆಂಗಳೂರಿಗೆ ಹೋದ. ಇಂಥ ಸೀಮೆಯಲ್ಲಿ ಸಿಪಾಯಿ ಕೆಲಸವೂ ಒಂದು ಜೀವನೋಪಾಯ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸತ್ತ. ಅವನ ಸೈನ್ಯವೂ ಮುಗಿಯಿತು. ಸುಲ್ತಾನನ ಕುಟುಂಬಕ್ಕೂ ದೊಡ್ಡ ಸರದಾರರಿಗೂ ಪಿಂಚಣಿ ಗೊತ್ತಾಯಿತು. ಸಾವಿರಾರು ಸಾಮಾನ್ಯ ಸಿಪಾಯಿಗಳ ಕೈಯಲ್ಲಿ ಕೆಲಸವಿರಲಿಲ್ಲ. ಅದೇ ವೇಳೆ ಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘ್ ಇಂಥವರನ್ನೇ ಸೇರಿಸಿಕೊಂಡ. ಚನ್ನಗಿರಿಯವನಾದ ಈತ ಹಿಂದೆ ಹೈದರನ ದಂಡಿನಲ್ಲಿದ್ದವನು. ಬಿದನೂರಿನ ಸೀಮೆಯಲ್ಲಿ ಅವನ ಪಡೆ ಬೆಳೆಯಿತು. ಕೊನೆಗೆ ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನನ್ನು ಕೊಂದ. ಕಂಪನಿಯವರ ಬಾಯಲ್ಲಿ ಧೋಂಡಿಯ ದರೋಡೆಕೋರ. ಇರಬಹುದು. ಆದರೆ ಅವನ ಹಿಂದೆ ಹೋದವರು ಯಾಕೆ ಹೋದರು ಎಂದು ಕೇಳಿದರೆ, ಅವರಲ್ಲಿ ಎಷ್ಟೋ ಜನ ನಿನ್ನೆಯವರೆಗೆ ಸಂಬಳ ಎಣಿಸಿಕೊಳ್ಳುತ್ತಿದ್ದ ಸಿಪಾಯಿಗಳು ಎಂಬುದನ್ನು ಮರೆಯುವಂತಿಲ್ಲ.

ದಿವಾನ್ ಪೂರ್ಣಯ್ಯನವರಿಗೆ ಈ ಸಂಗತಿ ಚೆನ್ನಾಗಿ ಅರ್ಥವಾಗಿತ್ತು. ಟಿಪ್ಪುವಿನ ಆಡಳಿತವನ್ನು ಒಳಗಿಂದ ನೋಡಿದವರು ಅವರು. 'ಕಂದಾಚಾರ' ಎಂಬ ಹಳೆಯ ಊರ ಕಾವಲು ಪಡೆಯನ್ನು ಅವರು ಉಳಿಸಿಕೊಂಡರು. ಕಂದಾಚಾರದವನು ಇರುವುದು ತನ್ನ ಊರಿನಲ್ಲೇ. ಒಂದಿಷ್ಟು ಭೂಮಿ, ಒಂದಿಷ್ಟು ಸಂಬಳ. ಉಳಿದಂತೆ ಬೇಸಾಯ, ಕರೆ ಬಂದಾಗ ಕಾವಲು ಮತ್ತು ಕಂದಾಯದ ಕೆಲಸ. ಆಯುಧ ಹಿಡಿದು ಬೆಳೆದವನಿಗೆ ಅದರಿಂದ ಅನ್ನವೂ ಸಿಕ್ಕಿತು, ಊರಿನಲ್ಲಿ ಒಂದು ಮರ್ಯಾದೆಯ ಜಾಗವೂ ಸಿಕ್ಕಿತು. ದಯೆಯಿಂದಲೋ ಭಯದಿಂದಲೋ, ಪೂರ್ಣಯ್ಯ ಮಾಡಿದ್ದು ಬಾಳ್ಗಚ್ಚಿನ ಕೆಲಸವನ್ನೇ. ಆದರೆ ಎಲ್ಲರಿಗೂ ಅದು ಮುಟ್ಟಲಿಲ್ಲ. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೆಲ್ಲೂರಿನ ಸುತ್ತ ಹಳೆಯ ಮೈಸೂರು ಸರ್ಕಾರದ ನೌಕರರು, ಬಂಟರು ಹೋಗಿ ಸೇರಿದ್ದರು. ಪೇಟ, ಗಡ್ಡ, ನಾಮಗಳ ಕುರಿತ ಹೊಸ ನಿಯಮದಿಂದ ಸಿಟ್ಟಾದ ಸಿಪಾಯಿಗಳು 1806ರ ಜುಲೈ 10ರಂದು ಅಲ್ಲಿ ದಂಗೆಯೆದ್ದಾಗ ಕೋಟೆಯ ಮೇಲೆ ಏರಿದ್ದು ಮೈಸೂರಿನ ಬಾವುಟ.

ಸ್ವಾತಂತ್ರ್ಯದ ನಂತರ ಇದೇ ಪ್ರಶ್ನೆ ಕಾನೂನಿನ ಪುಸ್ತಕಕ್ಕೆ ಬಂತು. ನಮ್ಮ ರಾಜ್ಯದ 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಗೇಣಿ ಜಮೀನು ಉಳುವವನ ಪಾಲಾಯಿತು. ಆದರೆ ಸೈನಿಕರಿಗೆ ವಿನಾಯಿತಿ ಇತ್ತು. ಸೇವೆಯಲ್ಲಿರುವಾಗ ಜಮೀನು ಗೇಣಿಗೆ ಕೊಟ್ಟವನು ವಾಪಸ್ ಬಂದ ಮೇಲೆ ಸ್ವಂತ ಬೇಸಾಯಕ್ಕೆ ಅದನ್ನು ಬಿಡಿಸಿಕೊಳ್ಳಬಹುದು. ಗಡಿಯಲ್ಲಿ ಇರುವವನು ಹೊಲ ಉಳುವುದು ಹೇಗೆ? ಆದ್ದರಿಂದ ಇದು ನ್ಯಾಯವೇ. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ಅಷ್ಟು ವರ್ಷ ಆ ನೆಲದಲ್ಲಿ ರಾಗಿ ಬೆಳೆದು ಮಕ್ಕಳನ್ನು ಸಾಕಿದ ಗೇಣಿದಾರನೂ ಬಡವನೇ. ಯುದ್ಧದ ನೆಲದಲ್ಲಿ ಶತ್ರು ಯಾರೆಂದು ಗೊತ್ತಿತ್ತು. ಊರಿಗೆ ಬಂದರೆ ಎದುರು ನಿಂತವನು ಜೊತೆಗೆ ಆಡಿ ಬೆಳೆದವನೇ ಆಗಿರಬಹುದು.

ಸೈನಿಕ ಮರಳಿ ಬಂದಾಗ ಹಾರ, ಮೆರವಣಿಗೆ, ಫೋಟೊ ಎಲ್ಲ ಇರುತ್ತವೆ. ಬೇಡವೆನ್ನುವುದಿಲ್ಲ. ಆದರೆ ಹಾರ ಒಣಗಿದ ಮೇಲಿನ ಇಪ್ಪತ್ತು ಮೂವತ್ತು ವರ್ಷ ಅವನು ಹೇಗೆ ಬದುಕಿದ ಎಂಬುದೇ ಅಸಲು ಚರಿತ್ರೆ. ನಿದ್ದೆ ಬಾರದ ರಾತ್ರಿ, ಗೊತ್ತಿಲ್ಲದ ಬೇಸಾಯ, ಸೆಕ್ಯುರಿಟಿ ಗಾರ್ಡ್ ಕೆಲಸ, ದೂರವೇ ಬೆಳೆದುಬಿಟ್ಟ ಮಕ್ಕಳು, ಇವು ಯಾವ ಶಾಸನದಲ್ಲೂ ಇಲ್ಲ. ಬರೆಯಬೇಕಾದವರು ಈಗ ಹಳ್ಳಿಗಳಲ್ಲಿ ತಿರುಗುವ ನಮ್ಮಂಥವರೇ.

ಮುಂದಿನ ಸಲ ಟೀ ಅಂಗಡಿಯಲ್ಲಿ ಮಿಲಿಟ್ರಿ ತಾತ ಸಿಕ್ಕರೆ ನಾವು ಎರಡನೇ ಪ್ರಶ್ನೆ ಕೇಳುತ್ತೇವೆ. ನೀವೂ ನಿಮ್ಮ ಊರಲ್ಲಿ ಕೇಳಿ. ಅವರು ಸುಮ್ಮನಿದ್ದರೆ ಇನ್ನೊಂದು ಟೀ ಹೇಳಿ, ಸ್ವಲ್ಪ ಹೊತ್ತು ಜೊತೆಗೆ ಕೂತಿರಿ.