ಆರು ಸಾವಿರ ಸೈನಿಕರು: 1791ರ ಟಿಪ್ಪುವಿನ ಕೋರಿಕೆಯೂ ಲೂಯಿ ದೊರೆಯ ನಿರಾಕರಣೆಯೂ

ಮೂರನೆಯ ಮೈಸೂರು ಯುದ್ಧವನ್ನು ಕುರಿತ ಹಲವು ಪುಸ್ತಕಗಳಲ್ಲಿ ಒಂದು ಪ್ರಸಂಗ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬರುತ್ತದೆ. ಟಿಪ್ಪು ಸುಲ್ತಾನ್ ಫ್ರಾನ್ಸಿನ ದೊರೆಯಿಂದ ಆರು ಸಾವಿರ ಸೈನಿಕರನ್ನು ಕೇಳಿದ. ಹದಿನಾರನೆಯ ಲೂಯಿ ತಾನು ಹಿಂದೆ ಅಮೆರಿಕದವರಿಗೆ ಸಹಾಯ ಮಾಡಿದ್ದನ್ನು ನೆನೆದು ಪಶ್ಚಾತ್ತಾಪಪಟ್ಟು, ಮತ್ತೆ ಅಂಥ ಕೆಲಸಕ್ಕೆ ಕೈಹಾಕಲಾರೆ ಎಂದ. ಇಷ್ಟು ಹೇಳಿ ಲೇಖಕರು ಮುಂದಿನ ಪ್ಯಾರಾದಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಹೋಗಿಬಿಡುತ್ತಾರೆ. ಓದುಗನ ಮನಸ್ಸಿನಲ್ಲಿ ಎರಡು ತೀರ್ಮಾನಗಳು ಉಳಿಯುತ್ತವೆ: ಮೈಸೂರಿನ ಹಣೆಬರಹವನ್ನು ಒಬ್ಬ ದೊರೆಯ ಪಶ್ಚಾತ್ತಾಪ ಬರೆಯಿತು ಎಂಬುದು ಒಂದು, ಟಿಪ್ಪುವಿನ ಕೋರಿಕೆ ಸೋಲಿನ ಅಂಚಿನಲ್ಲಿ ನಿಂತವನ ಮೊರೆ ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ಆಕರವನ್ನು ಪರೀಕ್ಷಿಸದೆ ನಂಬಿದ್ದರಿಂದ ಬಂದದ್ದು. ಎರಡನೆಯದು ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡದಿದ್ದರಿಂದ ಬಂದದ್ದು.

ದೊರೆಯ ಈ ಮಾತಿಗೆ ಸಾಕ್ಷಿ ಬೆರ್ಟ್ರಾಂಡ್ ದ ಮೊಲ್‌ವಿಲ್. 1791ರ ಅಕ್ಟೋಬರ್ ಮೊದಲ ವಾರದಿಂದ 1792ರ ಮಾರ್ಚ್ ನಡುವಿನವರೆಗೆ ಲೂಯಿಯ ನೌಕಾ ಮಂತ್ರಿಯಾಗಿದ್ದವನು. ವಸಾಹತುಗಳ ಆಡಳಿತವೂ ಆ ಇಲಾಖೆಯದ್ದೇ. ಅವನ ನೆನಪುಗಳು 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರವರೆಗೆ ಹೊರತಂದ ತನ್ನ ಇತಿಹಾಸದಲ್ಲಿ ಈ ಪ್ರಸಂಗಕ್ಕೆ ಜಾಗ ಕೊಟ್ಟ. ಅಲ್ಲಿಂದ ಮುಂದೆ ಅದು ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂತು. ಕೈಬದಲಾದಂತೆಲ್ಲ ಮೂಲದ ಸಂದರ್ಭ ಉದುರುತ್ತ ಹೋಗಿ, ಕೊನೆಗೆ ಉಳಿದದ್ದು ದೊರೆಯ ನಿಟ್ಟುಸಿರು ಮಾತ್ರ.

ಬೆರ್ಟ್ರಾಂಡನ ನಿರೂಪಣೆಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗ ಆಡಳಿತದ ಸಂಗತಿ: ಟಿಪ್ಪು ಪಾಂಡಿಚೇರಿಯ ಗವರ್ನರ್ ದ ಫ್ರೆನ್‌ನ ಮೂಲಕ ಪ್ರಸ್ತಾಪ ಮುಂದಿಟ್ಟ, ಅದನ್ನು ಹೊತ್ತು ತಂದವನು ಅಲ್ಲಿನ ಸಿವಿಲ್ ಆಡಳಿತಗಾರ ಲೆಜೆ, ಕೇಳಿದ್ದು ಆರು ಸಾವಿರ ಫ್ರೆಂಚ್ ಸೈನಿಕರನ್ನು, ಅವರ ಪ್ರಯಾಣ, ಬಟ್ಟೆಬರೆ, ಊಟೋಪಚಾರಗಳ ವೆಚ್ಚವೆಲ್ಲ ಟಿಪ್ಪುವಿನದು. ಎರಡನೆಯ ಭಾಗ ದೊರೆಯ ಮನಸ್ಸಿನ ಸಂಗತಿ: ಇದು ಅಮೆರಿಕದ ವ್ಯವಹಾರದಂತೆಯೇ ಕಾಣುತ್ತದೆ, ಆಗ ತಾನು ಚಿಕ್ಕವನೆಂದು ಉಳಿದವರು ಅದರ ಲಾಭ ಪಡೆದರು, ಅದನ್ನು ನೆನೆದಾಗಲೆಲ್ಲ ನೋವಾಗುತ್ತದೆ ಎಂಬ ಧಾಟಿಯ ಮಾತು. ನಮ್ಮವರು ಎತ್ತಿಕೊಂಡದ್ದು ಎರಡನೆಯ ಭಾಗವನ್ನು. ಮಂತ್ರಿಯೊಬ್ಬ ಕಟ್ಟಿ ಹೇಳಲು ಯಾವ ಕಾರಣವೂ ಇಲ್ಲದ, ಕಚೇರಿಯ ಕಾಗದದ ವಾಸನೆ ಇರುವ ಮೊದಲ ಭಾಗವನ್ನು ಬಹಳ ಮಂದಿ ಬದಿಗೆ ಸರಿಸಿದರು. ಆಕರದ ತೂಕ ಗೊತ್ತಿದ್ದವರು ಇದನ್ನು ತಿರುವುಮುರುವು ಮಾಡಬೇಕಿತ್ತು.

1797ರ ಲಂಡನ್ನಿನಲ್ಲಿ ಕುಳಿತು ಬರೆದವನು ಯಾರಿಗಾಗಿ ಬರೆದ ಎಂದು ಕೇಳಿಕೊಳ್ಳದೆ ಎರಡನೆಯ ಭಾಗವನ್ನು ಓದಲಾಗದು. ಲೂಯಿಯ ತಲೆ ಉರುಳಿ ನಾಲ್ಕು ವರ್ಷ ಕಳೆದಿತ್ತು. ಬ್ರಿಟನ್ನಿಗೂ ಫ್ರಾನ್ಸಿಗೂ 1793ರ ಫೆಬ್ರವರಿಯಿಂದ ಯುದ್ಧ ನಡೆದಿತ್ತು. ದೇಶ ಬಿಟ್ಟು ಓಡಿಬಂದ ಬೆರ್ಟ್ರಾಂಡನಿಗೆ ಆಶ್ರಯ ಕೊಟ್ಟದ್ದು ಬ್ರಿಟನ್. ಅವನ ಪುಸ್ತಕದುದ್ದಕ್ಕೂ ಲೂಯಿ ಸಜ್ಜನ, ಇನ್ನೊಬ್ಬರ ನೆಲದಲ್ಲಿ ದಂಗೆ ಎಬ್ಬಿಸಲು ಮನಸ್ಸಿಲ್ಲದ ದೊರೆ. ಅಮೆರಿಕಕ್ಕೆ ನೆರವು ಕೊಟ್ಟದ್ದನ್ನು ದೊರೆಯೇ ತಪ್ಪೆಂದು ಒಪ್ಪಿಕೊಂಡ ಎನ್ನುವುದು ಆಶ್ರಯ ಕೊಟ್ಟ ನಾಡಿನ ಓದುಗರ ಕಿವಿಗೆ ಎಷ್ಟು ಹಿತವಾಗಿ ಕೇಳಿಸಿರಬೇಕು! ಅದರಲ್ಲೂ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕದವರಿಗೂ ಫ್ರೆಂಚರಿಗೂ ಶರಣಾದ ಕಾರ್ನ್‌ವಾಲಿಸನೇ ಹತ್ತು ವರ್ಷಗಳ ತರುವಾಯ ಟಿಪ್ಪುವಿನ ಮೇಲೆ ದಂಡೆತ್ತಿ ಬಂದವನು. 1780ರಲ್ಲಿ ರೋಶಾಂಬೋ ಅಮೆರಿಕಕ್ಕೆ ಇಳಿಸಿದ ಪಡೆ ಸುಮಾರು ಐದೂವರೆ ಸಾವಿರದ್ದು. ಟಿಪ್ಪು ಕೇಳಿದ್ದೂ ಹತ್ತಿರ ಹತ್ತಿರ ಅಷ್ಟೇ. ಹೋಲಿಕೆ ಎದುರಿಗೇ ಬಿದ್ದಿತ್ತು. ಅದನ್ನು 1791ರಲ್ಲಿ ದೊರೆ ಕಂಡಿರಬಹುದು, 1797ರಲ್ಲಿ ಮಂತ್ರಿಯೂ ಕಂಡಿರಬಹುದು.

ಲೂಯಿ ಈ ಮಾತು ಆಡಲೇ ಇಲ್ಲ ಎಂಬುದು ನನ್ನ ವಾದವಲ್ಲ. 1778ರಲ್ಲಿ ಅಮೆರಿಕದೊಂದಿಗೆ ಒಪ್ಪಂದವಾದಾಗ ಅವನಿಗಿನ್ನೂ 23 ವರ್ಷ. ಆ ಯುದ್ಧ ಫ್ರಾನ್ಸಿನ ಬೊಕ್ಕಸದಿಂದ ನೂರು ಕೋಟಿ ಲಿವ್ರ್‌ಗೂ ಹೆಚ್ಚು ಹಣ ನುಂಗಿತು. ಬೊಕ್ಕಸ ಬರಿದಾದದ್ದರಿಂದಲೇ 1789ರಲ್ಲಿ ಮಹಾಸಭೆ ಕರೆಯಬೇಕಾಯಿತು. ಪಶ್ಚಾತ್ತಾಪಕ್ಕೆ ಕಾರಣಗಳು ಧಾರಾಳವಾಗಿದ್ದವು. ಆದರೆ ದೊರೆ ಏನೆಂದ ಎನ್ನುವುದು ಬೇರೆ, ಸೈನ್ಯ ಏಕೆ ಹೊರಡಲಿಲ್ಲ ಎನ್ನುವುದು ಬೇರೆ. ಎರಡನ್ನೂ ಒಂದೇ ಮಾಡಿದಲ್ಲೇ ನಮ್ಮ ಪೂರ್ವಸೂರಿಗಳು ಎಡವಿದರು.

ಸೈನ್ಯ ಹೊರಡದ ಕಾರಣವನ್ನು ಹುಡುಕಬೇಕಾದದ್ದು ಫ್ರಾನ್ಸಿನ ಸಂವಿಧಾನ ಸಭೆಯ 1790ರ ಮೇ ತಿಂಗಳ ನಡಾವಳಿಯಲ್ಲಿ. ಮೈಸೂರಿನ ಇತಿಹಾಸ ಬರೆಯುವವರು ಆ ಕಡೆ ಕಣ್ಣು ಹಾಯಿಸದಿರುವುದು ನನಗೆ ಬಹಳ ದಿನದ ಅಸಮಾಧಾನ. ಅಲ್ಲಿ ಮೈಸೂರಿನ ಪ್ರಸ್ತಾಪವಿಲ್ಲ, ನಿಜ, ಚರ್ಚೆ ಸ್ಪೇನಿನದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ನೂಟ್ಕಾ ಎಂಬಲ್ಲಿ ಬ್ರಿಟಿಷ್ ಹಡಗುಗಳನ್ನು ಸ್ಪೇನ್ ಹಿಡಿದಿಟ್ಟಿತ್ತು. ಯುದ್ಧ ಆಗುವ ಲಕ್ಷಣವಿತ್ತು. 1761ರ ರಾಜವಂಶಗಳ ಒಪ್ಪಂದದ ಪ್ರಕಾರ ಫ್ರಾನ್ಸ್ ಸ್ಪೇನಿನ ನೆರವಿಗೆ ನಿಲ್ಲಬೇಕು. ಹದಿನಾಲ್ಕು ಯುದ್ಧನೌಕೆಗಳನ್ನು ಸಜ್ಜುಗೊಳಿಸಲು ದೊರೆ ಆಜ್ಞೆ ಕೊಟ್ಟಿದ್ದಾನೆಂದು ಮೇ 14ರಂದು ವಿದೇಶಾಂಗ ಮಂತ್ರಿ ಮಾಂಟ್‌ಮೊರಾಂ ಸಭೆಗೆ ತಿಳಿಸಿದ. ಮರುದಿನವೇ ಅಲೆಕ್ಸಾಂಡ್ರ್ ಲಾಮೆತ್ ಎದ್ದು ನಿಂತು, ನೌಕೆಗಳ ಲೆಕ್ಕ ಆಮೇಲೆ ಆಗಲಿ, ಯುದ್ಧ ಹೂಡುವ ಹಕ್ಕು ರಾಷ್ಟ್ರದ್ದೋ ದೊರೆಯದ್ದೋ ಎಂಬುದು ಮೊದಲು ತೀರ್ಮಾನವಾಗಲಿ ಎಂದು ಪಟ್ಟುಹಿಡಿದ. ಮುಂದೆ ಒಂದು ವಾರ ಸಭೆ ಕುದಿಯಿತು. ರಾಷ್ಟ್ರ ಇನ್ನು ಗೆಲುವಿಗಾಗಿ ಯುದ್ಧ ಹೂಡುವುದಿಲ್ಲವೆಂದು ಸಾರಬೇಕೆಂದ ವೋಲ್ನಿ. ಹಕ್ಕನ್ನು ದೊರೆಗೂ ಸಭೆಗೂ ಹಂಚಲು ಹೆಣಗಿದ ಮಿರಾಬೊ. ಅವನಿಗೆ ಎದುರಾಗಿ ನಿಂತ ಬಾರ್ನಾವ್. ಮೇ 22ರಂದು ನಿರ್ಣಯವಾಯಿತು. ದೊರೆ ಪ್ರಸ್ತಾಪ ತರಬಹುದು, ಯುದ್ಧದ ತೀರ್ಮಾನ ಮಾತ್ರ ಸಭೆಯದು. 1791ರ ಸೆಪ್ಟೆಂಬರಿನ ಸಂವಿಧಾನ ಇದನ್ನೇ ಉಳಿಸಿಕೊಂಡಿತು. ಸ್ಪೇನಿಗಾಗಿ 1790ರ ಆಗಸ್ಟಿನಲ್ಲಿ 45 ನೌಕೆಗಳಿಗೆ ಸಭೆ ಒಪ್ಪಿಗೆಯನ್ನೇನೋ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಬ್ರೆಸ್ತ್ ಬಂದರಿನ ನಾವಿಕರು ದಂಗೆ ಎದ್ದರು. ಕಾದು ಬೇಸತ್ತ ಸ್ಪೇನ್ ಅಕ್ಟೋಬರಿನಲ್ಲಿ ಬ್ರಿಟನ್ನಿಗೆ ಬಾಗಿ ಒಪ್ಪಂದಕ್ಕೆ ಸಹಿ ಹಾಕಿತು.

ಇದನ್ನು ಓದಿದವರಿಗೆ ಲೆಜೆ ತಂದ ಪ್ರಸ್ತಾಪದ ಗತಿ ಹೇಳಿಕೊಡಬೇಕಾಗಿಲ್ಲ. ತಲೆಮಾರಿನಿಂದ ನಂಟಿದ್ದ, ಲಿಖಿತ ಒಪ್ಪಂದವಿದ್ದ, ಪಕ್ಕದಲ್ಲೇ ಇದ್ದ ಸ್ಪೇನಿಗೇ ಒದಗದ ಫ್ರಾನ್ಸ್, ಯಾವ ಒಪ್ಪಂದವೂ ಇಲ್ಲದ ಮೈಸೂರಿಗೆ ಆರು ಸಾವಿರ ಮಂದಿಯನ್ನು ಕಳಿಸುವುದು ಹೇಗೆ? ಲೂಯಿಗೆ ಮನಸ್ಸಿದ್ದಿದ್ದರೂ ಬಹಿರಂಗವಾಗಿ ಕಳಿಸಲು ಸಭೆಯ ಮುಂದೆ ಹೋಗಬೇಕಿತ್ತು. ಸಭೆ ಆಗ ರೈನ್ ನದಿಯಾಚೆ ಸೇರಿದ್ದ ದೇಶಭ್ರಷ್ಟ ಶ್ರೀಮಂತರ ಮೇಲೆ ಕೆಂಡ ಕಾರುತ್ತಿತ್ತು. ಅವರಿಗೆ ನೆಲೆ ಕೊಟ್ಟ ದೊರೆಗಳ ಮೇಲೆ ಯುದ್ಧ ಬೇಕೆಂದು ಬ್ರಿಸೊ ಹೇಳುತ್ತಿದ್ದ, ರೋಬೆಸ್‌ಪಿಯೆರ್ ಜಾಕೊಬಿನ್ ಕೂಟದಲ್ಲಿ ಬೇಡವೆನ್ನುತ್ತಿದ್ದ. ಆ ಯುದ್ಧದಲ್ಲಿ ಬ್ರಿಟನ್ ತಟಸ್ಥವಾಗಿರಲೆಂದು ಒಲಿಸಿಕೊಳ್ಳಲು 1792ರ ಜನವರಿಯಲ್ಲಿ ತಾಲೆರಾನ್‌ನನ್ನು ಲಂಡನ್ನಿಗೆ ಕಳಿಸಿದ್ದರು. ಅದೇ ಬ್ರಿಟನ್ನಿನ ಕಂಪನಿಯ ಮೇಲೆ ಅದೇ ವಾರಗಳಲ್ಲಿ ಸೈನ್ಯ ಬಿಡುವ ಮಾತು ಎಲ್ಲಿಂದ ಬಂದೀತು? ಬೆರ್ಟ್ರಾಂಡನ ಇಲಾಖೆಯ ಮೇಲಂತೂ 1791ರ ಆಗಸ್ಟಿನಲ್ಲಿ ದಂಗೆ ಎದ್ದ ಕೆರಿಬಿಯನ್ ವಸಾಹತು ಸೇಂಟ್ ಡೊಮಿಂಗ್‌ನ ಹೊರೆ ಬಿದ್ದಿತ್ತು. ಇವೆಲ್ಲಕ್ಕಿಂತ ಮುಂಚೆ, 1789ರಲ್ಲೇ, ಪಾಂಡಿಚೇರಿಯ ಕಾವಲು ಪಡೆಯನ್ನು ಐಲ್ ದ ಫ್ರಾನ್ಸಿಗೆ, ಅಂದರೆ ಈಗಿನ ಮಾರಿಷಸ್ಸಿಗೆ, ಸಾಗಿಸಿಯಾಗಿತ್ತು. ಭಾರತದಲ್ಲಿ ಕಾದಾಡುವುದಿಲ್ಲ ಎಂಬ ತೀರ್ಮಾನ ಆ ಹಡಗುಗಳ ಜೊತೆಯಲ್ಲೇ ಹೊರಟುಹೋಗಿತ್ತು.

ಇನ್ನು ವಿಲ್ಕ್ಸ್. ಅವನ ಶ್ರಮದ ಬಗ್ಗೆ ನನಗೆ ಗೌರವವಿದೆ. ಮೈಸೂರಿನ ಯುದ್ಧಗಳ ನಡೆಯನ್ನು ಹೆಜ್ಜೆಹೆಜ್ಜೆಯಾಗಿ ತಿಳಿಯಲು ಇಂದಿಗೂ ಅವನ ಬಳಿಗೇ ಹೋಗಬೇಕು. ಆದರೆ ಟಿಪ್ಪುವಿನ ಉದ್ದೇಶಗಳನ್ನು ಅಳೆಯುವಾಗ ಅವನು ಗೆದ್ದ ಪಕ್ಷದ ಅಧಿಕಾರಿ ಎಂಬುದನ್ನು ಮರೆಯಬಾರದು. (ಪ್ರೊ. ಬಿ. ಶೇಖ್ ಅಲಿಯವರು 1982ರ ತಮ್ಮ ಪುಸ್ತಕದಲ್ಲಿ ಟಿಪ್ಪುವಿನ ರಾಜತಂತ್ರವನ್ನು ರಾಜತಂತ್ರವಾಗಿಯೇ ಓದಿದರು. ಆ ದಾರಿಯೇ ಸರಿ ಎಂದು ನಂಬಿದವರಲ್ಲಿ ನಾನೂ ಒಬ್ಬ.) 1791ರ ಆರಂಭದಲ್ಲಿ ಟಿಪ್ಪು ಪಾಂಡಿಚೇರಿಯ ಆಸುಪಾಸಿನಲ್ಲಿ ಫ್ರೆಂಚರೊಂದಿಗೆ ಮಾತುಕತೆಯಲ್ಲಿ ಹೊತ್ತು ಕಳೆದ, ಅಷ್ಟರಲ್ಲಿ ಕಾರ್ನ್‌ವಾಲಿಸ್ ಘಟ್ಟ ಹತ್ತಿಬಿಟ್ಟ ಎಂಬ ಚಿತ್ರ ವಿಲ್ಕ್ಸ್‌ನಿಂದ ಬಂದದ್ದು. ಹೊತ್ತು ಕೈತಪ್ಪಿದ್ದು ದಿಟ. ಕಾರ್ನ್‌ವಾಲಿಸ್ ಫೆಬ್ರವರಿ 5ರಂದು ಮದ್ರಾಸಿನ ಬಳಿಯಿಂದ ಹೊರಟ. ಆಂಬೂರಿನ ಕಣಿವೆಯತ್ತ ಹೋಗುವಂತೆ ತೋರಿಸಿಕೊಂಡು ಉತ್ತರದ ಮೊಗಲಿ ಕಣಿವೆಯಲ್ಲಿ ಮೇಲೇರಿದ. ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆ ಬಿತ್ತು. ದಂಡಯಾತ್ರೆಯ ದೃಷ್ಟಿಯಿಂದ ಟಿಪ್ಪು ಅಲ್ಲಿ ಮೋಸಹೋದ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಆದರೆ ವಿಲ್ಕ್ಸ್ ಒದಗಿಸಿದ ಇದೇ ದಿನಾಂಕಗಳು ಎರಡನೆಯ ತೀರ್ಮಾನವನ್ನು ಬುಡಮೇಲು ಮಾಡುತ್ತವೆ. ಕೋರಿಕೆ ಹುಟ್ಟಿದ ಹೊತ್ತಿನಲ್ಲಿ ಟಿಪ್ಪು ಎಲ್ಲಿದ್ದ? 1790ರ ಕೊನೆಯಲ್ಲಿ ಕಂಪನಿಯ ಸೇನಾಪತಿ ಮೆಡೋಸ್‌ನ ಸೈನ್ಯವನ್ನು ಕೊಯಮತ್ತೂರು ಸೀಮೆಯಲ್ಲಿ ದಿಕ್ಕುಗೆಡಿಸಿ, ತಿರುಚಿನಾಪಳ್ಳಿಯವರೆಗೆ ಇಳಿದು, ಕರ್ನಾಟಿಕದ ಬಯಲಿನಲ್ಲಿ ಉತ್ತರಕ್ಕೆ ನಡೆದಿದ್ದ. ತಿಯಾಗದುರ್ಗ ಕೈಗೆ ಸಿಗಲಿಲ್ಲ. ತಿರುವಣ್ಣಾಮಲೈ ಸಿಕ್ಕಿತು, ಜನವರಿಯಲ್ಲಿ ಪೆರುಮುಕ್ಕಲ್ ಸಿಕ್ಕಿತು. ಬೆಂಗಳೂರು, ನಂದಿದುರ್ಗ, ಸಾವನದುರ್ಗ ಮೂರೂ ಅವನವೇ. ಅವನ ಸೈನ್ಯ ಶತ್ರುವಿನ ನೆಲದಲ್ಲಿತ್ತು. ದ ಫ್ರೆನ್‌ನ ಮುಂದೆ ಆರು ಸಾವಿರದ ಮಾತು ಇಟ್ಟವನು ಈ ಟಿಪ್ಪು. ಒಂದು ವರ್ಷದ ಆಚೆಗೆ, 1792ರ ಫೆಬ್ರವರಿಯಲ್ಲಿ, ಶ್ರೀರಂಗಪಟ್ಟಣದ ದ್ವೀಪದಲ್ಲಿ ಸುತ್ತುವರಿಯಲ್ಪಟ್ಟ ಟಿಪ್ಪುವನ್ನು ಹಿಂದಕ್ಕೆ ಎಳೆದುತಂದು ಅವನ ಬಾಯಲ್ಲಿ ಈ ಕೋರಿಕೆ ಇಡುವುದು ಕಾಲವ್ಯತ್ಯಾಸದ ದೋಷ.

ಪ್ರಯಾಣದ ಲೆಕ್ಕವನ್ನೂ ನೋಡೋಣ. ಟಿಪ್ಪುವಿನ ರಾಯಭಾರಿಗಳು, ಅಂದರೆ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಉಸ್ಮಾನ್ ಖಾನ್, ಫ್ರೆಂಚ್ ವರ್ತಕ ಪಿಯೆರ್ ಮೊನೆರೋನ್‌ನ ಜೊತೆ 1787ರ ಜುಲೈಯಲ್ಲಿ ಪಾಂಡಿಚೇರಿ ಬಿಟ್ಟು ತೂಲೋನ್ ಬಂದರು ಮುಟ್ಟಿದ್ದು 1788ರ ಜೂನ್ 9ರಂದು. ವರ್ಸೇಯ ಅರಮನೆಯಲ್ಲಿ ದೊರೆಯ ದರ್ಶನವಾದದ್ದು ಆಗಸ್ಟ್ 10ರಂದು. ಅವರು ಮರಳಿ ಬರುವ ಹೊತ್ತಿಗೆ 1789 ನಡೆದಿತ್ತು. ಹಡಗು ನೆಟ್ಟಗೆ ಸಾಗಿದರೂ ಒಂದು ಕಡೆಗೆ ಐದಾರು ತಿಂಗಳು ಬೇಕು. ಇದು ಟಿಪ್ಪುವಿಗೆ ಪುಸ್ತಕದಿಂದ ತಿಳಿದದ್ದಲ್ಲ, ತನ್ನದೇ ಜನ ಹೋಗಿ ಬಂದದ್ದರಿಂದ ತಿಳಿದದ್ದು. 1791ರ ಆರಂಭದಲ್ಲಿ ಕೇಳಿದ ಸೈನ್ಯ, ಎಲ್ಲವೂ ಸುಸೂತ್ರವಾಗಿ ನಡೆದರೂ, 1792ರ ನಡುವಿಗೆ ಮೊದಲು ಮಲಬಾರ್ ಕರಾವಳಿಗೆ ಇಳಿಯುವಂತಿರಲಿಲ್ಲ. ಬೆರ್ಟ್ರಾಂಡ್ ಮಂತ್ರಿಯಾದ ಮೊದಲ ದಿನವೇ ದೊರೆ ಹೂಂಗುಟ್ಟಿದ್ದರೂ, ಸೈನ್ಯ ಕೂಡಿಸಿ ಹಡಗು ಹೂಡಿ ಕೇಪ್ ಸುತ್ತಿ ಬರುವಷ್ಟರಲ್ಲಿ 1792ರ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಮೊಹರು ಬಿದ್ದಿರುತ್ತಿತ್ತು. ಲೂಯಿಯ ಪಶ್ಚಾತ್ತಾಪ ಈ ಒಪ್ಪಂದವನ್ನು ತಂದಿತು ಎನ್ನುವವರು ತಿಂಗಳುಗಳನ್ನು ಎಣಿಸಲಿ.

ಹಾಗಿದ್ದರೆ ಕೇಳಿದ್ದು ಯಾತಕ್ಕೆ? ದೀರ್ಘ ಯುದ್ಧಕ್ಕೆ. ಮುಂದಿನ ಮುಂಗಾರು ಕಳೆದ ಮೇಲಿನ, ಅದರ ಮುಂದಿನ ದಂಡಯಾತ್ರೆಗೆ. ಮೈಸೂರಿನ ಸೇವೆಯಲ್ಲಿ ಲಾಲಿ ಎಂಬ ಫ್ರೆಂಚ್ ಅಧಿಕಾರಿಯಂಥವರ ಯುರೋಪಿಯನ್ ದಳಗಳು ಮೊದಲಿನಿಂದಲೂ ಇದ್ದವು. ಬಿಡಿಬಿಡಿಯಾಗಿ ಸಂಬಳಕ್ಕೆ ಬಂದ ಅಂಥವರ ಕೊರತೆಯಲ್ಲ ಇದು. ಟಿಪ್ಪು ಬಯಸಿದ್ದು ದೊರೆಯ ಬಾವುಟದಡಿ ಬರುವ ಪಡೆ. ಬಂದ ದಿನವೇ ಕಂಪನಿಯ ಯುದ್ಧ ಎರಡು ರಾಜ್ಯಗಳ ಯುದ್ಧವಾಗಿ ಬದಲಾಗುವಂಥ ಪಡೆ. 1783ರ ಪಾಠವೂ ಇದರ ಹಿಂದಿದೆ. ಮಂಗಳೂರಿನ ಮುತ್ತಿಗೆಯ ನಡುವೆ ಯುರೋಪಿನಲ್ಲಿ ಶಾಂತಿಯಾಯಿತೆಂಬ ಸುದ್ದಿ ಬಂದಕೂಡಲೇ ಫ್ರೆಂಚ್ ತುಕಡಿ ಅವನನ್ನು ಕೇಳದೆ ಕೈತೊಳೆದುಕೊಂಡು ಸರಿದು ನಿಂತಿತ್ತು. 1784ರ ಮಾರ್ಚಿನ ಮಂಗಳೂರು ಒಪ್ಪಂದದವರೆಗೆ ಅವನು ಒಬ್ಬನೇ ಹೋರಾಡಬೇಕಾಯಿತು. ಈ ಸಲ ವೆಚ್ಚವೆಲ್ಲ ತನ್ನದು ಎಂದು ಮುಂಗಡವಾಗಿ ಹೇಳಿದ್ದನ್ನು ನಾನು ಆ ಅನುಭವದ ಬೆಳಕಿನಲ್ಲಿ ಓದುತ್ತೇನೆ: ಅನ್ನ, ಬಟ್ಟೆ, ಹಡಗಿನ ಬಾಡಿಗೆ ಯಾರ ಕೈಯಿಂದ ಬರುತ್ತದೋ ಅವರ ಮಾತು ಸೈನ್ಯದಲ್ಲಿ ನಡೆಯುತ್ತದೆ. ಬೊಕ್ಕಸ ಬರಿದಾದ ದೊರೆಯೊಬ್ಬ ಒಡ್ಡಬಹುದಾದ ಮೊದಲ ತಕರಾರಿಗೂ ಅದರಲ್ಲಿ ಉತ್ತರವಿತ್ತು. ಅಮೆರಿಕದವರು ಲೂಯಿಯ ಮುಂದೆ ಇಂಥ ಮಾತು ಇಡುವ ಸ್ಥಿತಿಯಲ್ಲಿರಲಿಲ್ಲ. ಅವರ ಯುದ್ಧಕ್ಕೆ ಹಣವನ್ನೂ ಫ್ರಾನ್ಸೇ ಸುರಿಯಿತು. ದೊರೆಯ ಬಾಯಿಂದ ಬಂದದ್ದೆನ್ನುವ ಹೋಲಿಕೆ ಮುಖ್ಯವಾದ ಜಾಗದಲ್ಲೇ ಹೊಂದುವುದಿಲ್ಲ.

ವೆಚ್ಚವೆಲ್ಲ ತನ್ನದೆಂಬ ಟಿಪ್ಪುವಿನ ಈ ಭರವಸೆ ಬರಿಯ ಬಡಾಯಿ ಎಂದು ತಳ್ಳಿಹಾಕುವವರೂ ಇದ್ದಾರೆ. ಅವರಿಗೆ ಉತ್ತರ ಅದೇ 1792ರ ಒಪ್ಪಂದದಲ್ಲಿದೆ. ಅರ್ಧ ರಾಜ್ಯ ಬಿಟ್ಟುಕೊಟ್ಟ ಮೇಲೂ ಟಿಪ್ಪು ತೆರಬೇಕಾಗಿದ್ದದ್ದು ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ. ಅದರಲ್ಲಿ ಅರ್ಧ ಕೂಡಲೇ, ಉಳಿದದ್ದು ಮೂರು ಕಂತುಗಳಲ್ಲಿ. ಹಣ ತೀರುವವರೆಗೆ ಒತ್ತೆಯಾಗಿ ಕೊಟ್ಟಿದ್ದ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, 1794ರಲ್ಲಿ ದೇವನಹಳ್ಳಿಯಲ್ಲಿ ತಂದೆಯ ಕೈ ಸೇರಿದರು. ಸೋತು, ಅರ್ಧ ಸೀಮೆಯ ಹುಟ್ಟುವಳಿ ಕೈಬಿಟ್ಟ ಮೇಲೆ ಎರಡೇ ವರ್ಷಗಳಲ್ಲಿ ಇಷ್ಟು ಹಣದ ಭಾರ ಹೊತ್ತ ಬೊಕ್ಕಸಕ್ಕೆ, ರಾಜ್ಯದ ಬಹುಭಾಗ ಕೈಲಿದ್ದ 1791ರ ಜನವರಿಯಲ್ಲಿ ಆರು ಸಾವಿರ ಮಂದಿಯ ವೆಚ್ಚ ಮೀರಿದ್ದಾಗಿರಲಿಲ್ಲ.